ಖಂಡೆಪ್ಪನ ಹ್ಞೂಂ

ಮರಾಠಿ ಸೀಮೆಗೆ ಸೇರಿದ ಗಡಿಯೂರು ಉಮರ್ಗಾದ ಖಂಡೆಪ್ಪ ಯಾರ ಮಾತಿಗೂ ಹ್ಞೂಂಗುಟ್ಟದೆ ಬಿಟ್ಟವನಲ್ಲ. ಮನುಷ್ಯರ ಮಾತಿರಲಿ, ಬಸ್ ನಿಲ್ದಾಣದ ಧ್ವನಿವರ್ಧಕ ನಿಲಂಗಾ ಬಸ್ಸು ಬಂದಿದೆಯೆಂದು ಮರಾಠಿಯಲ್ಲಿ ಸಾರಿದರೂ, ಎದುರಿನ ಅಂಗಡಿಯಲ್ಲಿ ಕುಳಿತ ಈತ ತಲೆಯನ್ನು ಎಡಕ್ಕೆ ವಾಲಿಸಿ "ಹ್ಞೂಂ" ಎಂದು ಅದಕ್ಕೂ ಸಮ್ಮತಿ ದಯಪಾಲಿಸುತ್ತಿದ್ದ. ನಮ್ಮ ಸೀಮೆಯಲ್ಲಿ ಕಥೆ ಹೇಳುವವರ ಮುಂದೆ ಒಬ್ಬರಾದರೂ ಹ್ಞೂಂ ಎನ್ನುತ್ತಿರಬೇಕು. ಇಲ್ಲವಾದರೆ ಹೇಳುವವರು ಅರ್ಧಕ್ಕೇ ಎದ್ದುಬಿಡುತ್ತಾರೆ. ಅಜ್ಜಿಯ ಮುಂದೆ ಕಲಿತ ಆ ಪದ್ಧತಿ ಖಂಡೆಪ್ಪನ ಗಂಟಲಿನಲ್ಲಿ ಖಾಯಂ ಠಿಕಾಣಿ ಹೂಡಿತ್ತು.

ಬೇಸಿಗೆಯಲ್ಲೂ ಕಳಚದ ಕಂದು ಕೋಟು, ಅದರ ಜೇಬುಗಳ ತುಂಬ ಪೆನ್‌ಡ್ರೈವು, ಎದೆಯ ಮೇಲೆ ಲಿಂಗದ ಕರಡಿಗೆ, ಅದರ ಮೇಲೆ ಹೆಡ್‌ಫೋನು. ನಾಲ್ಕು ಹೆಜ್ಜೆ ನಡೆದು, ಯಾರೋ ಕರೆದರೆಂಬಂತೆ ಒಮ್ಮೆ ನಿಂತು, ಮತ್ತೆ ನಾಲ್ಕು ಹೆಜ್ಜೆ ಇಡುತ್ತಿದ್ದ. ಕಂಪ್ಯೂಟರಿನ ಯಾವುದೋ ಒಂದು ಪ್ರೋಗ್ರಾಮಿನೊಳಗಷ್ಟೇ ನುಡಿಯುವ ಧ್ವನಿಯನ್ನು ಹಿಡಿದು, ಅದು ಟ್ರ್ಯಾಕ್ಟರಿನಲ್ಲೂ ಮನೆಯ ಸ್ಪೀಕರ್ ಡಬ್ಬಿಯಲ್ಲೂ ನುಡಿಯುವಂತೆ ಇಳಿಸಿಕೊಡುವುದು ಅವನ ಕಸುಬು.

ನಿಲಂಗಾದಲ್ಲಿ ಮಾಸ್ತರಿಕೆ ಮಾಡುವ ನಾನು ಒಮ್ಮೆ ವಚನಗಾಯನ ಕಲಿಸುವ ಹಳೆಯ ಪ್ರೋಗ್ರಾಮೊಂದನ್ನು ಅವನಲ್ಲಿಗೆ ಒಯ್ದಿದ್ದೆ. ಅವನು ಅದನ್ನು ನುಡಿಸುತ್ತ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾಗ, ಮೂವತ್ತು ನಿಮಿಷದ ಗಾಯನ ಮುಗಿಯುವ ಹೊತ್ತಿಗೆ ನನಗೆ ಕೆಮ್ಮು ಬಂತು. ಖಂಡೆಪ್ಪ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡಿದ.

"ಮೈಕ್ ಬಂದ್ ಅದ ಅಲ್ರೀ? ಕೆಮ್ಮು ಹ್ಯಾಂಗ ಒಳಗ ಹೋಗ್ತದ?" ಎಂದೆ.

"ಮೈಕ್ ಬಂದ್ ಅದ ಸರ್, ಖರೆ. ನನ್ನ ಕಿವಿ ಚಾಲೂ ಅದಲ್ಲ."

ಹೀಗೆಂದವನು ಮತ್ತೆ ಮೂವತ್ತು ನಿಮಿಷ, ಪ್ರತಿ ಸಾಲಿಗೂ ತಾನು ಮಾತ್ರ ಧಾರಾಳವಾಗಿ ಹ್ಞೂಂಗುಟ್ಟುತ್ತ ಕುಳಿತ. ಮೈಕು ಮುಚ್ಚಿದ್ದರಿಂದ ಅದು ರೆಕಾರ್ಡಿನಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ.

ಅವನ ಹೆಂಡತಿ ಉಮಾಬಾಯಿ ಹತ್ತಿರದ ಮುರುಮ ಊರಿನವಳು. ಮಕ್ಕಳಿರಲಿಲ್ಲ. ದಿನವೆಲ್ಲ ಮರಾಠಿಯಲ್ಲಿ ವ್ಯವಹರಿಸಿ ಬಂದವನಿಗೆ ಮನೆಯಲ್ಲಿ ಕನ್ನಡ ಆಡುವ ಜೀವವೆಂದರೆ ಆಕೆ ಒಬ್ಬಳೇ. ಕಾಯಿಲೆಯಾಗಿ ನಾಲ್ಕು ತಿಂಗಳು ಸೊಲ್ಲಾಪುರದ ತಂಗಿಯ ಮನೆಯಲ್ಲಿ ಉಳಿಯಬೇಕಾದಾಗ, ಗಿರಾಕಿಗಳ ನಡುವೆ ಫೋನು ಮಾಡಿ ಕಾಡಬಾರದೆಂದು, ಹೇಳಬೇಕಾದುದನ್ನೆಲ್ಲ ಧ್ವನಿಸಂದೇಶ ಮಾಡಿ ಅಂಗಡಿಯ ಕಂಪ್ಯೂಟರಿಗೆ ಕಳುಹಿಸುತ್ತಿದ್ದಳು. ಒಟ್ಟು ಮೂವತ್ತೇಳು ಸಂದೇಶ. ಆಮೇಲೆ ಆಕೆ ತೀರಿಕೊಂಡಳು.

ಆ ಸಂದೇಶಗಳಿದ್ದ ಪ್ರೋಗ್ರಾಮು ಎಂಟು ತಿಂಗಳಲ್ಲಿ ಮುಚ್ಚುವುದೆಂಬ ಸೂಚನೆ ಪರದೆಯ ಮೇಲೆ ಬಂತು. ಅದರೊಳಗಿನ ಧ್ವನಿಯನ್ನು ಹೊರತೆಗೆಯುವ ದಾರಿ ಬೇರೆ ಇರಲಿಲ್ಲ, ನುಡಿಸುತ್ತಲೇ ಹಿಡಿಯಬೇಕು. ಊರಿನವರ ಕೆಲಸವನ್ನೆಲ್ಲ ಸಂಜೆಯೊಳಗೆ ಮುಗಿಸಿಕೊಡುವ ಖಂಡೆಪ್ಪ ತನ್ನದನ್ನು ನಾಳೆ, ನಾಡಿದ್ದು ಎಂದು ತಳ್ಳುತ್ತ ಹೋದ. ನುಡಿಸಿದರೆ ಕೇಳಬೇಕಾಗುತ್ತದೆ, ಕೇಳುವ ಧೈರ್ಯ ಅವನಿಗಿರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಶಟರು ಅರ್ಧ ಎಳೆದು, ಹೆಡ್‌ಫೋನು ಏರಿಸಿ, ಮೂವತ್ತೇಳನ್ನೂ ಒಂದೇ ಸಲ ಕುಳಿತು ಹಿಡಿದ. ಮಾರನೆಯ ದಿನ ಮನೆಯ ಸ್ಪೀಕರ್ ಡಬ್ಬಿಗೆ ಪೆನ್‌ಡ್ರೈವು ಸಿಕ್ಕಿಸಿದಾಗ, ಉಮಾಬಾಯಿಯ ಒಂದೊಂದು ಮಾತಿನ ಹಿಂದೆಯೂ ಒಂದು ಗಂಡುಧ್ವನಿ "ಹ್ಞೂಂ" ಎನ್ನುತ್ತಿತ್ತು. ಇಪ್ಪತ್ತು ವರ್ಷ ಯಾರ ಕೆಲಸದಲ್ಲೂ ತೆರೆದಿಡದ ಮೈಕನ್ನು ಅಂದು ಅವನು ಮುಚ್ಚಿರಲಿಲ್ಲ. ಅಂಗಡಿಗೆ ಓಡಿದ. ಪ್ರೋಗ್ರಾಮು ತೆರೆಯಲಿಲ್ಲ.

ಕೆಲವು ವಾರಗಳ ಮೇಲೆ ನಾನು ಅವನ ಮನೆಗೆ ಹೋದಾಗ ಹೇಳಿದ: "ಊರ ಮಂದೀದೆಲ್ಲ ಸಾಫ್ ಮಾಡಿಕೊಟ್ಟೆ ಸರ್. ನಮ್ಮಾಕೀದು ನಾನೇ ಕೆಡಿಸಿದೆ."

ಡಬ್ಬಿ ಚಾಲೂ ಮಾಡಿದ.

"ಇವತ್ತ ಜ್ವಾಳದ ಗಂಜಿ ಕುಡದೀನಿ," ಎಂದಿತು ದಣಿದ ಹೆಣ್ಣುಧ್ವನಿ. "ಹ್ಞೂಂ." "ಕಿಡಕ್ಯಾಗಿಂದ ರೈಲು ಕಾಣ್ತದ್ರಿ." "ಹ್ಞೂಂ." ಆಮೇಲೆ ತುಸು ಮುನಿಸಿನಿಂದ: "ಕೇಳ್ಲಕತ್ತೀರೇನ್ರಿ? ಹ್ಞೂಂ ಅನ್ರಿ. ನಾ ಏನ್ ಗ್ವಾಡಿಗಿ ಹೇಳ್ಲಕತ್ತೀನಾ?" ಡಬ್ಬಿಯೊಳಗಿನ ಗಂಡುಧ್ವನಿಯ ಎರಡು ಹ್ಞೂಂಗಳು ಒಂದರ ಮೇಲೊಂದು ಬಿದ್ದವು.

ಪ್ರತಿ ಮಾತಿನ ನಂತರವೂ ಆಕೆ ತಡೆದು ಕಾದಿದ್ದಳು, ಹ್ಞೂಂ ಎನ್ನಲು ಜಾಗ ಬಿಟ್ಟಿದ್ದಳು. "ಇದು ಕೆಟ್ಟಿಲ್ಲ ಖಂಡೆಪ್ಪ," ಎಂದೆ. "ಆಕಿಗಿ ಬೇಕಾಗಿದ್ದು ಇದೇ ಅಲ್ಲೇನು?"

"ಆಕಿ ಕಳಿಸಿದಾಗೂ ಹ್ಞೂಂ ಅಂದಿದ್ದೆ ಸರ್, ಅಂಗಡ್ಯಾಗ ಕುಂತು. ಆಕಿಗಿ ಮುಟ್ಟಲಿಲ್ಲ."

ಡಬ್ಬಿಯಲ್ಲಿ ಉಮಾಬಾಯಿ ಮುಂದುವರಿಸಿದಳು. ನಾನು ಖಂಡೆಪ್ಪನ ಮುಖ ನೋಡಿದೆ. ಬಸ್ ನಿಲ್ದಾಣದ ಧ್ವನಿವರ್ಧಕಕ್ಕೂ ಉತ್ತರಿಸುತ್ತಿದ್ದವನು ತನ್ನ ಮನೆಯಲ್ಲಿ, ತನ್ನ ಹೆಂಡತಿಯ ಮಾತಿನೆದುರು, ತುಟಿ ಬಿಗಿದು ಕುಳಿತಿದ್ದ. ಅವಳು ಬಿಟ್ಟ ಜಾಗವೆಲ್ಲ ಆಗಲೇ ತುಂಬಿತ್ತು. "ಅವರಿಬ್ಬರೂ ಮಾತಾಡ್ತಾರ ಸರ್," ಎಂದ, "ನಾ ಅನ್ನೂದು ಏನೂ ಉಳದಿಲ್ಲ."

ನನಗೆ ಬಹಳ ಸಂಕಟವಾಯಿತು. ನಿಲಂಗಾದ ಬಸ್ಸು ಬಿಟ್ಟು ಇನ್ನೊಂದು ತಾಸು ಅಲ್ಲಿಯೇ ಕುಳಿತೆ, ಅವನು ಏನಾದರೂ ಹೇಳಲಿ, ನಾನು ಹ್ಞೂಂ ಎನ್ನುವೆ ಎಂದು. ಅವನು ಚಹಾ ಮಾಡಿ ತಂದ. ಕೋಟಿನ ಗುಂಡಿ ಹಾಕಿ ಬಿಚ್ಚಿದ. ಒಂದೆರಡು ಸಲ ಬಾಯಿ ತೆರೆದು ಸುಮ್ಮನಾದ. ಊರೂರಿಗೂ ಇಂಥ ಒಬ್ಬರು ಇರುತ್ತಾರೆ. ಜೀವಮಾನವೆಲ್ಲ ಪರರ ಮಾತಿಗೆ ಕಿವಿಯಾಗಿ, ಪರರ ಧ್ವನಿಯನ್ನು ಜೋಪಾನವಾಗಿ ದಾಟಿಸಿದ ಅವರಿಗೆ, ಕೇಳುವವರು ಎದುರಿಗೇ ಕಾದು ಕುಳಿತಾಗಲೂ, ತಮ್ಮ ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದಿಲ್ಲ.