ಆರು ಹತ್ತರ ಅಪ್‌ಡೇಟ್

ಪರದೆ ಮತ್ತೆ ಕಪ್ಪಾಯಿತು. ಹೆಡ್‌ಫೋನ್ ಕಿತ್ತು ಎಸೆಯಬೇಕೆಂದಿದ್ದ ಸೊಸೆ, ನಡುಮನೆಯಲ್ಲಿ ಮಾವ ಕೂತಿರುವುದು ನೆನಪಾಗಿ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅರ್ಧ ನಿಮಿಷ ಬಿಟ್ಟು ಗೇಮಿಂಗ್ ಕಂಪ್ಯೂಟರ್ ತಾನಾಗಿ ಬೆಳಗಿ, ಪರದೆಯ ಚಿತ್ರ ಮೂಡಿಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್ ನಿಂತುಹೋಗಿತ್ತು, ಈಗ ಸರಿಯಾಗಿದೆ ಎಂದು ತಿಳಿಸಿತು. ಅಷ್ಟರಲ್ಲಿ ಆಟ ಅವಳನ್ನು ಬಿಟ್ಟು ಮುಂದೆ ಹೋಗಿತ್ತು. ಅವಳ ಐದು ಜನರ ತಂಡದ ಕ್ಯಾಪ್ಟನ್ ಸಂದೇಶ ಕಳಿಸಿದ: "ಭಾನುವಾರ ನಾಲ್ಕಕ್ಕೆ ಕೊನೇ ಪಂದ್ಯ. ಅವತ್ತೂ ಮಧ್ಯದಲ್ಲಿ ಮಾಯ ಆದ್ರೆ ಬೇರೆಯವರನ್ನ ತಗೋತೀವಿ. ಬೇಜಾರ್ ಮಾಡ್ಕೋಬೇಡ."

ಶನಿವಾರ ರಿಪೇರಿಯವನು ಮೂರನೇ ಸಲ ಬಂದ. ಮೊದಲ ಸಲ ಗ್ರಾಫಿಕ್ಸ್ ಕಾರ್ಡು ಬಿಚ್ಚಿ ಧೂಳು ಊದಿ, ಫ್ಯಾನು ನೋಡಿದ್ದ. ಎರಡನೇ ಸಲ, ಈ ಹಳೇ ಕಾರ್ಡಿಗೆ ಹೊಸ ಡ್ರೈವರ್ ಒಗ್ಗುವುದಿಲ್ಲವೆಂದು ಆ ಡ್ರೈವರನ್ನು ಬೇರುಸಮೇತ ಕಿತ್ತು, ಹಳೇ ಡ್ರೈವರ್ ಹಾಕಿ, "ಇನ್ನು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ" ಎಂದು ಹೋಗಿದ್ದ. ಈಗ ನೋಡಿದರೆ ಒಳಗೆ ಹೊಸ ಡ್ರೈವರೇ ಕೂತಿತ್ತು.

"ಮೇಡಂ, ನೀವೇನಾದ್ರೂ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ? ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಳ್ಲಾ?"

ಅವನು ಯಾವ ಅಪ್ಡೇಟ್ ಯಾವಾಗ ಆಯಿತೆಂಬ ಪಟ್ಟಿ ತೆರೆದ. "ಬುಧವಾರ ಬೆಳಗ್ಗೆ ಆರು ಹತ್ತಕ್ಕೆ ಯಾರೋ ಹಾಕ್ಸಿದಾರೆ. ಅದಕ್ಕೆ ಮುಂಚಿನದೂ ಆರು ಹತ್ತರ ಹೊತ್ತಿಗೇ."

ಅವಳು ಏಳುವುದು ಏಳಕ್ಕೆ, ಗಂಡ ಎಂಟಕ್ಕೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಬಾಗಿಲ ಬಳಿ ಮಾವ ಬಂದು ನಿಂತಿದ್ದರು.

"ನಾನೇ ಕಣಮ್ಮ," ಎಂದರು. "ಬೆಳಗ್ಗೆ ಧೂಳು ಒರೆಸುವಾಗ ಮೌಸ್ ಅಲ್ಲಾಡಿ ಪರದೆ ಎದ್ದುಬಿಡುತ್ತೆ. ಮೂಲೇಲಿ, ಹೊಸದು ಬಂದಿದೆ, ಹಾಕಲಾ ಅಂತ ಚೀಟಿ. ನೀನು ನೋಡಿಲ್ವೇನೋ ಅಂತ ನಾನೇ ಹೂಂ ಅಂದೆ."

ಮೂವತ್ತನಾಲ್ಕು ವರ್ಷ ಕಚೇರಿಯ ಟಪಾಲು ವಿಭಾಗ ನೋಡಿಕೊಂಡವರು ಅವರು. ಅವರ ಮೇಜಿನ ಮೇಲೆ ಒಂದು ಕಾಗದವೂ ಮರುದಿನಕ್ಕೆ ಉಳಿದದ್ದಿಲ್ಲ.

ಸೊಸೆಗೆ ಸಿಟ್ಟು ನೆತ್ತಿಗೇರಿತು. ಈ ಉಪಕಾರದಿಂದ ಎರಡು ಪಂದ್ಯ ಹೋಗಿದ್ದವು. ಅವಳ ಆಟದ ಬಗ್ಗೆ ಮಾವ ಎರಡು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ. ಇಷ್ಟವಿಲ್ಲವೆಂದೇ ಅವಳು ತಿಳಿದಿದ್ದಳು. ಅವರು ದಿನಾ ಆ ಯಂತ್ರ ಒರೆಸುತ್ತಾರೆಂಬುದು ಸಹ ಅವಳಿಗೆ ಗೊತ್ತಿರಲಿಲ್ಲ. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು.

"ಪಾಸ್‌ವರ್ಡ್ ಹಾಕ್ಬಿಡ್ಲಾ ಮೇಡಂ? ತಂಟೆನೇ ಇರಲ್ಲ," ಎಂದು ರಿಪೇರಿಯವನು ಸಣ್ಣಗೆ ಕೇಳಿದ.

"ಬೇಡ. ಹಳೇ ಡ್ರೈವರ್ ಹಾಕ್ಕೊಡಿ ಸಾಕು." ಅವಳು ತಿರುಗಿದಳು. "ಮಾವ, ಆ ಚೀಟಿ ಮತ್ತೆ ಬರುತ್ತೆ. ಅದೊಂದನ್ನ ಪೆಂಡಿಂಗ್ ಇಡಿ."

"ಎಷ್ಟು ದಿನ?"

"ಮುಂದಿನ ಆದೇಶದವರೆಗೆ."

ಮಾವ ತಲೆಯಾಡಿಸಿದರು. ತಿಳಿಯಿತು, ಆದರೆ ಅವರಿಗದು ರುಚಿಸಿದಂತೆ ಕಾಣಲಿಲ್ಲ.

ಭಾನುವಾರದ ಪಂದ್ಯ ಐದೂಕಾಲಿಗೆ ಮುಗಿಯಿತು. ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ತಂಡ ಸೋತಿತು, ಕೆಟ್ಟದಾಗಿ ಆಡಿಯೇ ಸೋತಿತು. ಕ್ಯಾಪ್ಟನ್ ಎಲ್ಲರಿಗೂ ಸಮನಾಗಿ ಬೈದು, ಮುಂದಿನ ವಾರದಿಂದ ಮತ್ತೆ ಅಭ್ಯಾಸ, ಐವರೂ ಬರಬೇಕು ಎಂದ. ಅವಳು ಹೆಡ್‌ಫೋನ್ ತೆಗೆದು ನೋಡಿದರೆ ಮಾವ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನನ್ನಿಂದ ಏನೂ ಆಗ್ಲಿಲ್ಲ ತಾನೆ?"

"ಇಲ್ಲ ಮಾವ. ನಾವೇ ಸರಿಯಾಗಿ ಆಡ್ಲಿಲ್ಲ."

"ಹೌದು," ಎಂದರು ಮಾವ. "ಆ ಎಡಗಡೆ ಮೆಟ್ಟಿಲಿಂದ ಬಂದವನನ್ನ ನೀನು ನೋಡ್ಲೇ ಇಲ್ಲ."

ಸೋಮವಾರ ಏಳಕ್ಕೆ ಅವಳು ಎದ್ದು ಬಂದಾಗ ಪರದೆ ಬೆಳಗಿತ್ತು. ಮೂಲೆಯಲ್ಲಿ ಚೀಟಿ ಹಾಗೆಯೇ ಇತ್ತು. ಮಾವ ಧೂಳು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಕೈ ತಾಗದಂತೆ ಮೌಸಿನ ಮೇಲೆ ಹೊದಿಸಿದ್ದರು.