ಇಪ್ಪತ್ತೈದನೇ ಮಂಚ

ನನ್ನ ಬಾಯಿ ಜೋರು ಅಂತ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ರವಿಕೆ ಹೊಲಿಯಲು ಕೊಟ್ಟವರು ಎರಡು ಸಲ ಅಳತೆ ಬದಲಾಯಿಸಿದರೆ ಬಟ್ಟೆಯನ್ನೇ ವಾಪಸ್ ಕೊಟ್ಟು ಕಳಿಸುವವಳು ಈ ಜಗದಾಂಬಾ. ಅಂಥವಳ ಬಾಯಿ ಹತ್ತು ವರ್ಷದ ಒಂದು ಹುಡುಗಿಯ ಮುಂದೆ ಬಿದ್ದುಹೋಯಿತು.

ಹುಡುಗಿ ಸ್ಪಂದನಾ, ನನ್ನ ತಮ್ಮ ವಿಜಯೇಂದ್ರನ ಮಗಳು. ತಮ್ಮ ತೀರಿಕೊಂಡು ಮೂರು ವರ್ಷವಾಯಿತು. ಅವನ ಹೆಂಡತಿ ಪ್ರಿಯದರ್ಶಿನಿ ಶಿವಮೊಗ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಳು. ರಾಗಿಗುಡ್ಡದಲ್ಲಿ ತಾಯಿ ಮಗಳ ಬಾಡಿಗೆ ಮನೆ. ಹಾಸ್ಟೆಲ್ ಮುಚ್ಚಿತು. ಆರು ತಿಂಗಳು ಅಲೆದ ಮೇಲೆ ಸಿಕ್ಕಿದ್ದು ಥಾಯ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಯ ಕೆಲಸ. ಚಿಕ್ಕ ಹುಡುಗಿಯರ ಡಾರ್ಮಿಟರಿ ನೋಡಿಕೊಳ್ಳಬೇಕು: ಎಬ್ಬಿಸುವುದು, ತಲೆ ಬಾಚುವುದು, ಜ್ವರ ಬಂದರೆ ಪಕ್ಕದಲ್ಲಿ ಕೂರುವುದು. ಮೂರು ತಿಂಗಳಲ್ಲಿ ಕೆಲಸ ಮೆಚ್ಚಿಕೊಂಡರೆ ಮಗಳಿಗೂ ಅಲ್ಲೇ ಸೀಟು ಅಂದಿದ್ದರಂತೆ. ಅಲ್ಲಿಯವರೆಗೆ ಮಗಳು ನನ್ನ ಹತ್ತಿರ.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನೀನೇ ಕಣೇ," ಎಂದೆ. "ಹೆತ್ತ ಮಗಳನ್ನ ಬಿಟ್ಟು ಯಾರದೋ ಮಕ್ಕಳಿಗೆ ಜಡೆ ಹಾಕೋಕೆ ಹೋಗ್ತೀಯಲ್ಲ!"

ಪ್ರಿಯಾ ಮಗಳ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಲೇ ಇದ್ದಳು. ಈ ನಾಲಿಗೆಗೆ ಬರೆ ಹಾಕಬೇಕು ಅನ್ನಿಸಿತು ನನಗೆ.

ಹೊಸದಾಗಿ ಸೇರುವವರು ಅಲ್ಲಿನ ಮಕ್ಕಳಿಗಾಗಿ ಒಂದು ನಿಮಿಷದ ವಿಡಿಯೋ ಕಳಿಸಬೇಕಿತ್ತು. ರಾಗಿಗುಡ್ಡದ ಮನೆಯಲ್ಲಿ, ನಾನೂ ಇದ್ದಾಗ, ಸ್ಪಂದನಾಳೇ ಅಮ್ಮನ ಹಳೆ ಮೊಬೈಲ್ ಹಿಡಿದಳು.

"ಅಮ್ಮಾ, ನಗು. ನೀನು ಅಳುಮುಂಜಿ ಥರ ಇದ್ರೆ ಆ ಮಕ್ಕಳು ಹೆದರ್ಕೊಳ್ತಾರೆ. ಆಮೇಲೆ ಕೆಲ್ಸ ಕೊಡಲ್ಲ."

ದಿನಾ ಬೆಳಿಗ್ಗೆ ನಾನೇ ಬಂದು ನಿಮ್ಮನ್ನು ಎಬ್ಬಿಸುತ್ತೇನೆ ಅಂತ ಇಂಗ್ಲಿಷಿನಲ್ಲಿ ಹೇಳಬೇಕು. ಪ್ರಿಯಾ ಮೂರು ಸಲ ತಪ್ಪಿದಳು. ನಾಲ್ಕನೇ ಸಲ ಅದೇನಾಯಿತೋ, ಮೊಬೈಲ್ ಹಿಡಿದಿದ್ದ ಮಗಳ ಮುಖ ನೋಡುತ್ತ, "ಏಳೇ ಕೂಸೇ, ಬಿಸಿಲು ಬಂತು," ಅಂದುಬಿಟ್ಟಳು. ದಿನಾ ಮಗಳನ್ನು ಎಬ್ಬಿಸುತ್ತಿದ್ದ ಮಾತು ಅದು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಇದು ಕೆಟ್ಟೋಯ್ತು, ಡಿಲೀಟ್," ಅಂದಳು ಹುಡುಗಿ. ಒಂಬತ್ತನೇ ಸಲಕ್ಕೆ ಸರಿಯಾಯಿತು.

ಪ್ರಿಯಾಳನ್ನು ರೈಲು ಹತ್ತಿಸಿ ನಾವಿಬ್ಬರೂ ಭದ್ರಾವತಿಯ ಬಸ್ಸು ಹಿಡಿದೆವು. ಮಲವಗೊಪ್ಪ ದಾಟಿದರೂ ಹುಡುಗಿ ಅಳಲಿಲ್ಲ. ಅಮ್ಮ ಬಿಟ್ಟುಹೋದ ಹಳೆ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಸೇರಿದ ದಿನವೇ ಪ್ರಿಯಾ ಫೋನ್ ಮಾಡಿದಳು. "ಇಪ್ಪತ್ನಾಲ್ಕು ಹುಡುಗೀರು ಇದಾರೆ ಪುಟ್ಟಾ, ಮಂಚ ಇಪ್ಪತ್ತೈದು. ಕಿಟಕಿ ಪಕ್ಕದ್ದು ಖಾಲಿ. ಅದು ನಿಂದೇ," ಎನ್ನುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.

ಅವತ್ತಿನಿಂದ ಹುಡುಗಿ ಫೋನಿಗೆ ಬರಲೇ ಇಲ್ಲ. ಅಮ್ಮನ ಕರೆ ಅಂದರೆ ಹಿತ್ತಲಿಗೆ ಓಡುವಳು. ಎರಡು ತಿಂಗಳು ಹೀಗೇ ಆಯಿತು. "ಅವಳು ನನ್ನ ಮರೆತೇಬಿಟ್ಲಾ ಅಕ್ಕಾ?" ಎಂದು ಪ್ರಿಯಾ ಒಂದು ದಿನ ಕೇಳಿದಳು. ಫೋನಿಟ್ಟವಳೇ ಹುಡುಗಿಯ ರಟ್ಟೆ ಹಿಡಿದು ಬೆನ್ನಿಗೊಂದು ಬಿಟ್ಟೆ. "ಏನೇ ಕೊಬ್ಬು ನಿಂಗೆ? ಹೆತ್ತವಳು ಅಲ್ಲಿ ಸಾಯ್ತಿದಾಳೆ!" ಅವಳು ಬೆನ್ನು ಉಜ್ಜಿಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ನನಗೆ ಎಚ್ಚರವಾಯಿತು. ಪಕ್ಕದಲ್ಲಿ ಹುಡುಗಿ ಕಣ್ಣು ಮುಚ್ಚಿಕೊಂಡು ಎಣಿಸುತ್ತಿದ್ದಾಳೆ. "ಹದಿನೇಳು... ಹದಿನೆಂಟು..."

"ಏನೇ ಅದು?"

"ಶ್! ಅಲ್ಲಿ ಈಗ ಆರೂವರೆ ಅತ್ತೆ. ಅಮ್ಮ ಒಂದೊಂದೇ ಮಂಚದ ಹತ್ರ ಹೋಗಿ ಎಬ್ಬಿಸ್ತಿದಾಳೆ. ನಂದು ಕೊನೇದು."

ಇಪ್ಪತ್ತೈದು ಅಂದವಳೇ ದಿಂಬಿನಡಿಯ ಮೊಬೈಲ್ ಒತ್ತಿದಳು. "ಏಳೇ ಕೂಸೇ, ಬಿಸಿಲು ಬಂತು." ಅದರ ಹಿಂದೆಯೇ ನಾವು ಮೂವರೂ ನಕ್ಕಿದ್ದು. ಡಿಲೀಟ್ ಮಾಡಿರಲೇ ಇಲ್ಲ ಕಳ್ಳಿ! "ಎದ್ದೆ ಅಮ್ಮಾ," ಎಂದು ಕಣ್ಣು ತೆರೆದಳು.

"ಮತ್ತೆ ಫೋನಲ್ಲಿ ಯಾಕೆ ಮಾತಾಡಲ್ಲ ಮಾರಾಯ್ತಿ?"

"ನನ್ನ ದನಿ ಕೇಳಿದ್ರೆ ಅಮ್ಮ ಅಳ್ತಾಳೆ. ಅಳೋರನ್ನ ಅಲ್ಲಿ ಇಟ್ಕೊಳ್ಳಲ್ಲ. ಆಮೇಲೆ ನನ್ನ ಮಂಚ? ಮೂರು ತಿಂಗ್ಳು ತಾನೆ. ಹೇಳ್ಬೇಡ ಅವಳಿಗೆ, ನನ್ನಾಣೆ."

ಹೊಡೆದ ಕೈಯನ್ನು ಎಲ್ಲಿಟ್ಟುಕೊಳ್ಳಲಿ, ಶಿವನೇ! ಅವಳ ಬೆನ್ನು ಸವರುತ್ತ ಬೆಳಗಾಗುವವರೆಗೂ ಕೂತಿದ್ದೆ.

ಮೂರು ತಿಂಗಳು ತುಂಬಿದ ವಾರ ಪ್ರಿಯಾಳ ಫೋನ್ ಬಂತು. ಹುಡುಗಿ ಶಾಲೆಯಿಂದ ಬಂದಿಲ್ಲ ಅಂದುಕೊಂಡು, ಹೊಲಿಗೆ ಮಿಷನ್ ತುಳಿಯುತ್ತಲೇ ಸ್ಪೀಕರ್ ಹಾಕಿದೆ.

"ಕೆಲ್ಸ ಕಾಯಂ ಆಯ್ತು ಅಕ್ಕಾ. ಎರಡು ವರ್ಷಕ್ಕೆ ಸಹಿ ಹಾಕಿದೆ." ದನಿಯಲ್ಲಿ ಜೀವವಿರಲಿಲ್ಲ. "ಸಹಿ ಆದ್ಮೇಲೆ ಹೇಳಿದ್ರು, ಸ್ಟಾಫ್ ಮಕ್ಕಳಿಗೆ ಸದ್ಯಕ್ಕೆ ಸೀಟಿಲ್ಲವಂತೆ. ಕಿಟಕಿ ಪಕ್ಕದ ಮಂಚಕ್ಕೆ ಮೊನ್ನೆ ಹೊಸ ಹುಡುಗಿ ಬಂದ್ಲು. ಒಂದೇ ಸಮ ಅಮ್ಮಾ ಅಮ್ಮಾ ಅಂತ ಅಳ್ತಾಳೆ. ನನ್ನ ಕೂಸಿನ ಮಂಚದ ಮೇಲೆ ಕೂತ್ಕೊಂಡು ಅವಳ ತಲೆ ಸವರ್ತೀನಿ ಅಕ್ಕಾ. ಇದನ್ನ ನಾನು ಯಾವ ಬಾಯಲ್ಲಿ ಹೇಳ್ಲಿ? ನೀವೇ ಹೇಳಿ. ಹೇಗೂ ನನ್ನ ಮರೆತಿದಾಳೆ."

ನನಗೆ ತಡೆಯಲಾಗಲಿಲ್ಲ. ಆಣೆ ಮುರಿದೆ. "ಮರೆತಿಲ್ಲ ಕಣೇ ಹುಚ್ಚಿ," ಎಂದು ಎಲ್ಲ ಹೇಳಿದೆ: ಐದು ಗಂಟೆ, ಎಣಿಕೆ, ಆ ಕೆಟ್ಟುಹೋದ ವಿಡಿಯೋ. ಹೇಳಿ ಮುಗಿಸುವಷ್ಟರಲ್ಲಿ ಆ ಕಡೆ ಫೋನ್ ಕಟ್ಟಾಯಿತು.

ಎದ್ದು ನೋಡಿದರೆ ಬಾಗಿಲಲ್ಲಿ ಹುಡುಗಿಯ ಚಪ್ಪಲಿ ಇತ್ತು. ಒಳಕೋಣೆಯಲ್ಲಿ ತಲೆ ತಗ್ಗಿಸಿ ಹೋಂವರ್ಕ್ ಬರೆಯುತ್ತಿದ್ದಳು. ಮಿಷನ್ನಿನ ಸದ್ದಿಗೆ ಏನೂ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ. ಅವಳಿಗಿಷ್ಟ ಅಂತ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟೆ. ತಿಂದಳು. ತಟ್ಟೆಯನ್ನೂ ತೊಳೆದಿಟ್ಟಳು. ಊರಿಗೆಲ್ಲ ಜೋರಾದ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಬೆಳಿಗ್ಗೆ ಐದಕ್ಕೆ ಎಣಿಕೆ ಶುರುವಾಯಿತು. ನಾನು ಮಲಗಿದಲ್ಲೇ ಕೇಳುತ್ತಿದ್ದೆ. "ಇಪ್ಪತ್ಮೂರು... ಇಪ್ಪತ್ನಾಲ್ಕು... ಇಪ್ಪತ್ತೈದು."

ಮೊಬೈಲ್ ಒತ್ತಲಿಲ್ಲ.

"ಯಾಕೆ ಕೂಸೇ?"

"ಅದು ಹೊಸ ಹುಡುಗಿದು ಅತ್ತೆ," ಎಂದಳು, ಕಣ್ಣು ತೆರೆಯದೆ. "ಪಾಪ, ಅವಳಿಗೆ ಅಭ್ಯಾಸ ಇಲ್ಲ. ಅಮ್ಮ ಅವಳ ಹತ್ರ ಸ್ವಲ್ಪ ಹೊತ್ತು ಕೂತಿರ್ಲಿ."

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಬೀದಿಯಲ್ಲಿ ಹಾಲಿನವನ ಸೈಕಲ್ ಹೋಯಿತು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಅವಳ ಕಿವಿಯ ಹತ್ತಿರ ದಿಂಬು ಒದ್ದೆಯಾಗಿತ್ತು.

"ಇಪ್ಪತ್ತಾರು," ಎಂದಳು ಆಮೇಲೆ, ಮತ್ತು ಮೊಬೈಲ್ ಒತ್ತಿದಳು.