ಅತ್ತೆ ಕಾಣದ ಮಳೆ

ಆ ಬೆಳಿಗ್ಗೆ ಗಾಳಿ ಉಸಿರು ಬಿಗಿಹಿಡಿದಿತ್ತು. ಮೋಡ ಗುಡ್ಡದ ಬೆನ್ನಿಗೆ ಒರಗಿ ಕೂತಿತ್ತೇ ಹೊರತು ಈಚೆಗೆ ಇಣುಕಿರಲಿಲ್ಲ. ಹವಾಮಾನ ಕಚೇರಿಯ ಅಂಗಳದಲ್ಲಿ ಹಣ್ಣೆಲೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು.

ಒಳಗೆ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು ಎರಡು ಪರದೆಗಳ ಮುಂದೆ ಕೂತಿದ್ದಳು. ಹನ್ನೆರಡು ವರ್ಷದಿಂದ ಅವಳ ಕೆಲಸ ಅದೇ. ಎಡಗಡೆ, ಈ ಹೊತ್ತಿಗೆ ಎಲ್ಲೆಲ್ಲಿ ಮಳೆ ಇರಬೇಕು ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಬರೆದ ಚಿತ್ರ. ಬಲಗಡೆ, ರೇಡಾರ್ ನಿಜವಾಗಿ ಕಂಡ ಚಿತ್ರ. ಹೋಲಿಸಿ, ಎಡಗಡೆಯದು ಎಲ್ಲಿ ತಪ್ಪಿತೆಂದು ಗುರುತು ಹಾಕಬೇಕು. ಕಚೇರಿಯವರು ಎಡಗಡೆಯದನ್ನು ಸೊಸೆ ಅನ್ನುತ್ತಿದ್ದರು, ಬಲಗಡೆಯದನ್ನು ಅತ್ತೆ. ಸೊಸೆ ಏನೇ ಹೇಳಲಿ, ಅತ್ತೆ ಹೂಂ ಅಂದರೆ ಮಾತ್ರ ಮಳೆ. ಇಲ್ಲದಿದ್ದರೆ 'ಸುಳ್ಳು ಮಳೆ'.

ಅವತ್ತು ಸೊಸೆ ಗುಡ್ಡದಾಚೆಯ ಕಣಿವೆಯ ಮೇಲೆ ಕುಂಕುಮ ಚೆಲ್ಲಿದ ಹಾಗೆ ಜೋರು ಮಳೆಯ ಕೆಂಪು ಬಳಿದಿದ್ದಳು. ಅತ್ತೆಯ ಪರದೆಯಲ್ಲಿ ಆ ಜಾಗ ಖಾಲಿ.

"ಸೊಸೆ ಬೆಳಿಗ್ಗೆಯೇ ಮೈಮೇಲೆ ಬಂದವಳ ಹಾಗೆ ಆಡ್ತಿದಾಳೆ," ಎಂದ ಪಕ್ಕದ ಮೇಜಿನ ಗುಮಾಸ್ತ.

"ಬಾಯಿ ಜಾಸ್ತಿ ಆಯ್ತು ಅವಳ್ದು." ಅಕ್ಕ ನಕ್ಕು, ಕೆಂಪಿನ ಸುತ್ತ ಗೆರೆ ಎಳೆದು 'ಸುಳ್ಳು ಮಳೆ' ಎಂದು ಬರೆದಳು.

ಅಷ್ಟರಲ್ಲಿ ತಮ್ಮನ ಫೋನು. ಅವನು ಬಸ್ ಚಾಲಕ.

"ಅಕ್ಕಾ, ಕಣಿವೆ ದಾರೀಲಿ ಹೋಗ್ಲಾ, ಸುತ್ತು ಹಾಕ್ಲಾ? ಗುಡ್ಡದ ಹಿಂದೆ ಯಾಕೋ ಕಪ್ಪಗಿದೆ."

"ನಿನ್ ಕಣ್ಣಿಗಿಂತ ನನ್ ರೇಡಾರ್ ದೊಡ್ಡದು ಕಣೋ. ಏನೂ ಇಲ್ಲ, ಹೋಗು."

"ನೀನು ಹೇಳಿದ್ಮೇಲೆ ವೇದವಾಕ್ಯ ಬಿಡು."

ಗಂಟೆಯೊಳಗೆ ಕಣಿವೆಯ ಹಳ್ಳ ಸೇತುವೆಯ ಮೇಲೆ ಹರಿಯಿತು. ಅವನು ಜನರನ್ನೆಲ್ಲ ಹಿಂಬಾಗಿಲಿಂದ ಇಳಿಸಿದ. ತಾನು ಇಳಿಯುವ ಮೊದಲೇ ಸೇತುವೆಯ ಮೇಲಿದ್ದ ಬಸ್ಸು ಅವನ ಸಮೇತ ಕೊಚ್ಚಿಹೋಯಿತು.

ರೇಡಾರಿನ ಕಿರಣ ಗುಡ್ಡಕ್ಕೆ ಬಡಿದು ನಿಲ್ಲುತ್ತದೆ. ಅದರಾಚೆ ತಗ್ಗಿನಲ್ಲಿ ಸುರಿಯುವುದು ಅದಕ್ಕೆ ಕಾಣದು. ಇದು ಕೆಲಸಕ್ಕೆ ಸೇರಿದ ಮೊದಲ ದಿನದ ಪಾಠ. ಎಷ್ಟೋ ಜನಕ್ಕೆ ಅಕ್ಕನೇ ಕಲಿಸಿದ್ದಳು. ದೇವರು ಕಣ್ಣು ಕೊಟ್ಟ, ಕಣ್ಣಿನೆದುರು ಗುಡ್ಡವನ್ನೂ ಇಟ್ಟ. ಗುಡ್ಡವಿದೆ ಎಂಬ ನೆನಪನ್ನು ಮಾತ್ರ ನಮ್ಮ ಕೈಗೇ ಬಿಟ್ಟ. ಅತ್ತೆ-ಸೊಸೆಯ ಹನ್ನೆರಡು ವರ್ಷದ ತಮಾಷೆ ಆ ನೆನಪನ್ನು ತಿಂದು ನೀರು ಕುಡಿದಿತ್ತು.

ಬಸ್ ಡಿಪೋದವರು ವರದಿಯಲ್ಲಿ 'ಚಾಲಕನ ಹುಂಬತನ' ಎಂದು ಬರೆದರು. ಬೀದಿಯವರೂ ಹಾಗೇ ಅಂದರು. "ಸತ್ತವನು ವಾಪಸ್ ಬರ್ತಾನೇನಮ್ಮಾ? ಸುಮ್ನಿರು," ಅಂದರು ಮೇಲಧಿಕಾರಿ, ಅಕ್ಕ ಫೋನಿನ ಮಾತು ತಿಳಿಸಿದಾಗ. ಮೂರು ವಾರ ಸುಮ್ಮನಿದ್ದಳು.

ಕೊನೆಗೊಂದು ಮಧ್ಯಾಹ್ನ ತಮ್ಮನ ಮನೆಗೆ ಹೋದಳು. ಅವನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು.

"ಅತ್ತಿಗೇ, ಅವರಿಗೆ ಅಷ್ಟೂ ಬುದ್ಧಿ ಇರ್ಲಿಲ್ವಾ? ಯಾರನ್ನಾದ್ರೂ ಒಂದ್ಮಾತು ಕೇಳ್ಬಾರ್ದಿತ್ತಾ? ಮಗಳು ಶಾಲೆಗೇ ಹೋಗಲ್ಲ ಅಂತಾಳೆ. 'ನಿಮ್ಮಪ್ಪ ಹುಂಬ' ಅಂತಾರಂತೆ."

"ಕೇಳಿದ್ದ," ಎಂದಳು ಅಕ್ಕ. "ನನ್ನನ್ನೇ ಕೇಳಿದ್ದ. ಹೋಗು ಅಂದವಳು ನಾನು."

ತಮ್ಮನ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಕೂತ್ಕೊಳ್ಳಿ ಅನ್ನಲಿಲ್ಲ.

ತಾನು ಡಿಪೋಗೆ ಬರೆದು ಕಳಿಸಿದ್ದ ಕಾಗದದ ಪ್ರತಿಯನ್ನು ಅಕ್ಕ ಚೀಲದಿಂದ ತೆಗೆದಳು. ಅದರಲ್ಲಿ ತಮ್ಮ ಫೋನು ಮಾಡಿದ ಹೊತ್ತು, ಅವನು ಕೇಳಿದ್ದು, ತಾನು ಅಂದದ್ದು, ಕೆಳಗೆ ತನ್ನ ಸಹಿ. ತಮ್ಮನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುವವರೆಗೆ ಕಾದು, ಅದನ್ನು ಅವಳ ಕೈಗಿಟ್ಟಳು.